ಐದಕ್ಕೆ ವೋಟಿಂಗ್ ಮುಗಿಯಿತು, ಐದಕ್ಕೇ ಫಲಿತಾಂಶ ಬಂತು. ಇದನ್ನು ಮತ್ತೆ ಎಣಿಸುವುದು ಹೇಗೆ?

ಮೂರನೇ ಮಹಡಿ · ಸೋಮವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಬೆಂಗಳೂರಿನಲ್ಲಿ 212 ಮನೆಗಳ ಅಪಾರ್ಟ್‌ಮೆಂಟ್. ನಿನ್ನೆ ಅಸೋಸಿಯೇಷನ್ ಕಮಿಟಿಗೆ ಚುನಾವಣೆ ಇತ್ತು. 7 ಸ್ಥಾನಕ್ಕೆ 11 ಜನ ನಿಂತಿದ್ದರು. ಇಷ್ಟು ವರ್ಷ ಕ್ಲಬ್‌ಹೌಸ್‌ನಲ್ಲಿ ಚೀಟಿ ಹಾಕುತ್ತಿದ್ದೆವು. ಈ ಸಲ ಮೊದಲ ಬಾರಿಗೆ ಆನ್‌ಲೈನ್. ಬೆಳಗ್ಗೆ 10ರಿಂದ ಸಂಜೆ 5ರ ತನಕ. ಫೋನಿಗೆ ಓಟಿಪಿ ಬರುತ್ತದೆ, ಏಳು ಹೆಸರು ಒತ್ತಿದರೆ ಆಯಿತು. ದುಬೈ, ಪುಣೆಯಲ್ಲಿರುವ ಮಾಲೀಕರೂ ಹಾಕಿದರು. ಅಷ್ಟರ ಮಟ್ಟಿಗೆ ಚೆನ್ನಾಗಿತ್ತು.

ಆದರೆ ಬೆಳಗ್ಗೆಯಿಂದಲೇ ಯಾರಿಗೆ ಎಷ್ಟು ವೋಟು ಬಿತ್ತು ಎಂಬುದು ಎಲ್ಲರ ಫೋನಿನಲ್ಲೂ ಕಾಣುತ್ತಿತ್ತು. ಪಕ್ಕದಲ್ಲೇ ವೋಟು ಹಾಕಿದ ಫ್ಲ್ಯಾಟ್‌ಗಳ ನಂಬರ್. ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ಎಲ್ಲರೂ ನೋಡುತ್ತಿದ್ದೆವು. ನಾನೂ ನೋಡಿದೆ.

ಮನೆ ಅಮ್ಮನ ಹೆಸರಿನಲ್ಲಿದೆ. ಅವರಿಗೆ 71 ವರ್ಷ. ಮಧ್ಯಾಹ್ನ 3 ದಾಟಿದ ಮೇಲೆ ವೋಟು ಹಾಕಿದರು. ಸಂಜೆ ಲಿಫ್ಟ್‌ನಲ್ಲಿ ಅಭ್ಯರ್ಥಿಯೊಬ್ಬರು ಸಿಕ್ಕಿ, “ಏನಮ್ಮಾ, ನಮ್ಮನ್ನು ಬಿಟ್ಟುಬಿಟ್ಟಿರಲ್ಲ” ಎಂದರಂತೆ. ಅಮ್ಮ ಮನೆಗೆ ಬಂದು ಮಾತಿಲ್ಲದೆ ಕೂತುಬಿಟ್ಟರು. ಅವರಿಗೆ ಗೊತ್ತಾಗಿದ್ದು ಹೇಗೆ ಎಂದು ನನಗೆ ರಾತ್ರಿ ಹೊಳೆಯಿತು. 3:07ಕ್ಕೆ ನಮ್ಮ ಫ್ಲ್ಯಾಟ್ ನಂಬರ್ ಪಟ್ಟಿಗೆ ಸೇರಿತು. ಅದೇ ಕ್ಷಣ ಏಳು ಹೆಸರುಗಳ ಮುಂದೆ ಒಂದೊಂದು ವೋಟು ಏರಿತು. ಕಣ್ಣಿಟ್ಟು ಕೂತವರಿಗೆ ಅಷ್ಟು ಸಾಕು.

ಇನ್ನೊಂದು ವಿಷಯ. ಏಳನೇ ಸ್ಥಾನಕ್ಕೆ 88 ವೋಟು, ಎಂಟನೆಯವರಿಗೆ 85. ಸೋತವರು ಮರು ಎಣಿಕೆ ಕೇಳಿದರು. ಚುನಾವಣೆ ನಡೆಸಿದವರು ಪುಟವನ್ನು ಮತ್ತೊಮ್ಮೆ ತೆರೆದು, “ನೋಡಿ, ಅದೇ ಸಂಖ್ಯೆ” ಎಂದರು. ಇದು ಮರು ಎಣಿಕೆಯಾ?

ಮುಂದಿನ ಭಾನುವಾರ ಸರ್ವಸದಸ್ಯರ ಸಭೆ ಇದೆ. ನಾನು ಏನು ಕೇಳಬೇಕು ಹೇಳಿ.

ಹೊಸಕೋಟೆ ಹೈದ · ರಾತ್ರಿ 9:20

ಅಮ್ಮನ ವಿಷಯ ಓದಿ ಬೇಜಾರಾಯಿತು ಸರ್. ಗುಟ್ಟಾಗಿ ಹಾಕಿದ ವೋಟನ್ನು ಲಿಫ್ಟ್‌ನಲ್ಲಿ ಕೇಳಿದರೆ ವಯಸ್ಸಾದವರು ಏನು ಹೇಳಬೇಕು?

ಬಿ ಬ್ಲಾಕ್ ಖಜಾಂಚಿ · ರಾತ್ರಿ 9:41

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಮೂರು ವರ್ಷದಿಂದ ಆನ್‌ಲೈನ್ ಚುನಾವಣೆ ಮಾಡುತ್ತಿದ್ದೇವೆ. ಮೊದಲ ವರ್ಷ ಎಣಿಕೆ ಮುಚ್ಚಿಟ್ಟಿದ್ದೆವು. ಐದು ಗಂಟೆಗೆ ಸಂಖ್ಯೆ ಹೊರಗೆ ಬಂದ ತಕ್ಷಣ ಜಗಳ. “ಒಳಗೆ ಏನೋ ಮಾಡಿದ್ದಾರೆ, ನಮಗೆ ಕಾಣದ ಹಾಗೆ ಇಟ್ಟಿದ್ದರು” ಎಂದು ಎರಡು ತಿಂಗಳು ಮಾತು ಕೇಳಿದ್ದೇವೆ. ಮುಂದಿನ ವರ್ಷದಿಂದ ಎಲ್ಲವನ್ನೂ ಎಲ್ಲರಿಗೂ ಲೈವ್ ತೋರಿಸಿದೆವು. ಗಲಾಟೆ ನಿಂತಿತು. ಅಂತರ ಕಡಿಮೆ ಇದೆ ಎಂದು ಕಂಡಾಗ ಮನೆಯಲ್ಲಿ ಮಲಗಿದ್ದವರೂ ಎದ್ದು ವೋಟು ಹಾಕಿದರು. ಫ್ಲ್ಯಾಟ್ ನಂಬರ್ ತೋರಿಸಿದ್ದು ತಪ್ಪು, ಒಪ್ಪುತ್ತೇನೆ. ಎಣಿಕೆ ತೋರಿಸಿದ್ದು ತಪ್ಪಲ್ಲ.

ಸರ್ಕಾರಿ ಶಾಲೆ ಮೇಷ್ಟ್ರು · ರಾತ್ರಿ 10:05

ಖಜಾಂಚಿಯವರೇ, ಎಣಿಕೆ ತೋರಿಸಿದ್ದೂ ತಪ್ಪೇ. ಯಾಕೆ ಅಂತ ಹೇಳುತ್ತೇನೆ.

ನಾನು ಬಹಳ ಚುನಾವಣೆಗಳಲ್ಲಿ ಪಿಆರ್‌ಓ, ಅಂದರೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ, ಆಗಿ ಕೂತವನು. ಇವಿಎಂನ ಕಂಟ್ರೋಲ್ ಯೂನಿಟ್‌ನಲ್ಲಿ ಟೋಟಲ್ ಅಂತ ಒಂದು ಬಟನ್ ಇದೆ. ಒತ್ತಿದರೆ ಇಷ್ಟು ಮತ ಬಿದ್ದಿದೆ ಎಂದು ಮಾತ್ರ ಹೇಳುತ್ತದೆ. ಎರಡು ಗಂಟೆಗೊಮ್ಮೆ ನಾವು ಮೇಲಕ್ಕೆ ಕಳಿಸುವುದೂ ಅದೊಂದೇ ಸಂಖ್ಯೆ. ಯಾರಿಗೆ ಎಷ್ಟು ಎಂಬುದು ರಿಸಲ್ಟ್ ಬಟನ್‌ನಲ್ಲಿ ಇದೆ. ಕ್ಲೋಸ್ ಬಟನ್ ಒತ್ತಿ ಮತದಾನ ಮುಗಿಸುವ ತನಕ ಆ ರಿಸಲ್ಟ್ ಬಟನ್ ಕೆಲಸವೇ ಮಾಡುವುದಿಲ್ಲ. ಆಮೇಲೂ ಅದು ಸೀಲ್ ಆಗಿರುತ್ತದೆ, ಎಣಿಕೆ ದಿನವೇ ಒತ್ತುವುದು.

ಇದು ಸುಮ್ನೆ ಮಾಡಿದ ವ್ಯವಸ್ಥೆ ಅಲ್ಲ. ಮಧ್ಯಾಹ್ನ ಯಾರು ಮುಂದಿದ್ದಾರೆ ಎಂದು ತಿಳಿದರೆ ಸಂಜೆ ಬರುವವನ ಮತ ಬೇರೆಯಾಗುತ್ತದೆ. ಮತದಾನ ನಡೆಯುವಾಗ ಎಕ್ಸಿಟ್ ಪೋಲ್ ಪ್ರಕಟಿಸಬಾರದು ಎಂದು ಪ್ರಜಾಪ್ರತಿನಿಧಿ ಕಾಯ್ದೆಯ 126ಎ ಹೇಳುತ್ತದೆ. ಅದು ಬರೀ ಅಂದಾಜು. ನೀವು ನಿಜವಾದ ಸಂಖ್ಯೆಯನ್ನೇ ತೋರಿಸುತ್ತಿದ್ದೀರಿ.

ಬಿ ಬ್ಲಾಕ್ ಖಜಾಂಚಿ · ರಾತ್ರಿ 10:19

ಮೇಷ್ಟ್ರೇ, ಟೋಟಲ್ ಮತ್ತು ರಿಸಲ್ಟ್ ಬೇರೆ ಬೇರೆ ಎಂಬುದು ನನಗೆ ಗೊತ್ತಿರಲಿಲ್ಲ. ಒಳ್ಳೆಯ ವಿಷಯ. ಆದರೆ ಇವಿಎಂ ನಂಬದ ಜನ ಎಷ್ಟಿಲ್ಲ? ಮುಚ್ಚಿಟ್ಟರೆ ಅನುಮಾನ ಬಂದೇ ಬರುತ್ತದೆ.

ಸರ್ಕಾರಿ ಶಾಲೆ ಮೇಷ್ಟ್ರು · ರಾತ್ರಿ 10:38

ಬರುತ್ತದೆ. ಅದಕ್ಕೇ ಅಣಕು ಮತದಾನ ಇರುವುದು. ಬೆಳಗ್ಗೆ ಅಭ್ಯರ್ಥಿಗಳ ಏಜೆಂಟರ ಎದುರು ಕನಿಷ್ಠ 50 ಮತ ಹಾಕುತ್ತೇವೆ. ಕ್ಲೋಸ್ ಮಾಡಿ, ರಿಸಲ್ಟ್ ತೋರಿಸಿ, ಕ್ಲಿಯರ್ ಮಾಡುತ್ತೇವೆ. ನಮ್ಮ ಭಾಷೆಯಲ್ಲಿ ಸಿಆರ್‌ಸಿ. ತರಬೇತಿಯಲ್ಲಿ ಇದನ್ನೇ ಹತ್ತು ಸಲ ಹೇಳುತ್ತಾರೆ. ಸಂಜೆ ಪ್ರತಿ ಏಜೆಂಟರಿಗೂ 17ಸಿ ನಮೂನೆಯ ಪ್ರತಿ ಕೊಡುತ್ತೇವೆ. ಅದರಲ್ಲಿ ಒಟ್ಟು ಮತ ಎಷ್ಟು ಎಂದು ಬರೆದಿರುತ್ತದೆ. ಎಣಿಕೆ ಮೇಜಿನಲ್ಲಿ ಮೊದಲು ನೋಡುವುದೇ ಈ ಒಟ್ಟು ಹೊಂದುತ್ತದಾ ಎಂದು.

ಮೂರನೇ ಮಹಡಿಯವರೇ, ನಿಮಗೂ ಅದೇ ಮಾತು. 88, 85 ಆಮೇಲೆ. ಮೊದಲು ಒಟ್ಟು ಎಷ್ಟು ಮನೆ ವೋಟು ಹಾಕಿತು, ಒಟ್ಟು ಎಷ್ಟು ವೋಟು ದಾಖಲಾಯಿತು ಕೇಳಿ.

ಕುಡ್ಲದ ಮಾರಾಯ · ರಾತ್ರಿ 10:44

ಮಾರಾಯ್ರೆ, 212 ಮನೆಗೆ ಇಷ್ಟೆಲ್ಲ ಬೇಕಾ? ಕಾಗದದಲ್ಲಿ ಹಾಕಿ. ಡಬ್ಬಿ ಮಗುಚಿ ಎಣಿಸಿದರೆ ಒಂದು ಗಂಟೆಯ ಕೆಲಸ. ಮರು ಎಣಿಕೆ ಬೇಕೆಂದರೆ ಇನ್ನೊಂದು ಗಂಟೆ.

ಮೂರನೇ ಮಹಡಿ · ರಾತ್ರಿ 10:52

ಕುಡ್ಲದವರೇ, ಕಳೆದ ಸಲ ಕಾಗದದಲ್ಲಿ ಹಾಕಿದ್ದು 94 ಮನೆ. ಈ ಸಲ ಆನ್‌ಲೈನ್‌ನಲ್ಲಿ 163 ವೋಟು. ಊರಿನಲ್ಲಿ ಇಲ್ಲದವರು, ಮೆಟ್ಟಿಲು ಇಳಿಯಲಾಗದವರು ಎಲ್ಲ ಹಾಕಿದ್ದಾರೆ. ಆ 69 ಜನರನ್ನು ಬಿಟ್ಟು ಹಿಂದಕ್ಕೆ ಹೋಗುವ ಮನಸ್ಸು ನನಗಿಲ್ಲ. ಆನ್‌ಲೈನ್ ಬೇಕು, ಸರಿಯಾಗಿ ಬೇಕು.

ಕಂಪನಿ ಸೆಕ್ರೆಟರಿ · ರಾತ್ರಿ 11:15

ನನ್ನ ವೃತ್ತಿಯೇ ಇದು, ಹಾಗಾಗಿ ಹೇಳುತ್ತೇನೆ. ಷೇರು ಇರುವವರಿಗೆ ಪ್ರತಿ ವರ್ಷ ಇ-ವೋಟಿಂಗ್ ಮೇಲ್ ಬರುತ್ತದಲ್ಲ, ನಮ್ಮ ಷೇರುಗಳನ್ನು ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳುವ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನಿಂದ? ಬಹಳ ಜನ ತೆರೆದೂ ನೋಡುವುದಿಲ್ಲ. ಆದರೆ ನಮ್ಮ ದೇಶದಲ್ಲಿ ಆನ್‌ಲೈನ್ ಮತಕ್ಕೆ ಇರುವ ಒಳ್ಳೆಯ ನಿಯಮಗಳು ಅಲ್ಲಿವೆ.

ಕಂಪನಿ ಕಾಯ್ದೆ 2013ರ 108ನೇ ಸೆಕ್ಷನ್, ಅದರ ಜೊತೆ 2014ರ ನಿಯಮಗಳಲ್ಲಿ 20ನೇ ನಿಯಮ. ಮತದಾನ ಕನಿಷ್ಠ 3 ದಿನ ತೆರೆದಿರಬೇಕು. ಸಭೆಯ ಹಿಂದಿನ ದಿನ ಸಂಜೆ 5ಕ್ಕೆ ಮುಚ್ಚಬೇಕು. ಕಂಪನಿಯ ನೌಕರರಲ್ಲದ ಒಬ್ಬ ಸ್ಕ್ರೂಟಿನೈಸರ್, ಅಂದರೆ ಮತದಾನ ಪರಿಶೀಲಿಸುವವರು, ಇರಬೇಕು. ಒಂದೇ ಷೇರಿಗೆ ಎರಡು ಸಲ ಮತ ಬೀಳಬಾರದು ಎಂದು, ಮುಚ್ಚಿದ ಮೇಲೆ ಅವರಿಗೆ ಮತ ಹಾಕಿದವರ ಹೆಸರಿನ ಪಟ್ಟಿ ಸಿಗುತ್ತದೆ. ಹೇಗೆ ಹಾಕಿದರು ಎಂಬುದು ಆಗಲೂ ಸಿಗುವುದಿಲ್ಲ. ನಿಯಮದಲ್ಲೇ ಹಾಗೆ ಬರೆದಿದೆ. ಸಭೆಯಲ್ಲಿ ಬಿದ್ದ ಮತಗಳನ್ನು ಮೊದಲು ಎಣಿಸಬೇಕು. ಆಮೇಲೆ ಆನ್‌ಲೈನ್ ಮತಗಳ ಬೀಗ ತೆಗೆಯಬೇಕು, ಅದೂ ಕಂಪನಿಯ ನೌಕರರಲ್ಲದ ಇಬ್ಬರು ಸಾಕ್ಷಿಗಳ ಎದುರು.

ಕಂಪ್ಯೂಟರ್ ಒಂದು ಕ್ಷಣದಲ್ಲಿ ಎಣಿಸುತ್ತದೆ. ಆದರೂ ಷೇರುಪೇಟೆಯಲ್ಲಿರುವ (ಲಿಸ್ಟೆಡ್) ಕಂಪನಿಗಳಿಗೆ ಫಲಿತಾಂಶ ಕೊಡಲು 2 ಕೆಲಸದ ದಿನಗಳ ಸಮಯ ಇದೆ. ಆ ಸಮಯ ಎಣಿಸಲು ಅಲ್ಲ, ನೋಡಿ ಸಹಿ ಹಾಕಲು.

ನಿಮ್ಮ ಅಸೋಸಿಯೇಷನ್‌ಗೆ ಈ ನಿಯಮ ಅನ್ವಯಿಸುವುದಿಲ್ಲ. ಅನುಸರಿಸಬಾರದು ಎಂದೇನೂ ಇಲ್ಲ ಅಲ್ವಾ? ಹಾಗೆಯೇ ಬೈಲಾ ತೆಗೆದು ನೋಡಿ, ಆನ್‌ಲೈನ್ ಮತಕ್ಕೆ ಅವಕಾಶ ಇದೆಯಾ, ಜಂಟಿ ಮಾಲೀಕರಿದ್ದರೆ ಯಾರು ಹಾಕಬೇಕು ಎಂದೆಲ್ಲ.

ತೀರ್ಥಹಳ್ಳಿ ಟೆಕ್ಕಿ · ಮಂಗಳವಾರ, ಬೆಳಗ್ಗೆ 7:30

ಸಾಫ್ಟ್‌ವೇರ್ ಕಡೆಯಿಂದ ಹೇಳುತ್ತೇನೆ. ಮರು ಎಣಿಕೆ ಸಾಧ್ಯವಾ ಇಲ್ಲವಾ ಎಂಬುದು ಒಂದೇ ವಿಷಯದ ಮೇಲೆ ನಿಂತಿದೆ. ವೋಟು ಒತ್ತಿದಾಗ ಆ ತಂತ್ರಾಂಶ ಏನು ಬರೆದುಕೊಳ್ಳುತ್ತದೆ?

ಕೆಲವು ಸಾಫ್ಟ್‌ವೇರ್‌ಗಳು ಅಭ್ಯರ್ಥಿಯ ಹೆಸರಿನ ಮುಂದೆ ಇರುವ ಸಂಖ್ಯೆಗೆ ಒಂದು ಕೂಡಿಸುತ್ತವೆ, ಅಷ್ಟೇ. ವೋಟು ಅಲ್ಲೇ ಕರಗಿ ಹೋಯಿತು. 87 ಇದ್ದದ್ದು 88 ಆಯಿತು. ಅದನ್ನು ಮತ್ತೆ ಎಣಿಸಲು ಏನೂ ಉಳಿದಿಲ್ಲ. ಇನ್ನು ಕೆಲವು ಒಂದೊಂದು ಮತಪತ್ರವನ್ನೂ ಒಂದು ಸಾಲಾಗಿ ಬರೆದಿಡುತ್ತವೆ. ಈ ಸಾಲಿನಲ್ಲಿ ಈ ಏಳು ಹೆಸರು, ಮುಂದಿನ ಸಾಲಿನಲ್ಲಿ ಆ ಏಳು ಹೆಸರು ಎಂದು. ಆಗ ಯಾರು ಬೇಕಾದರೂ ಎಕ್ಸೆಲ್‌ನಲ್ಲಿ ಹಾಕಿ ಕೂಡಬಹುದು.

ಹಾಗಾಗಿ ಆ ತಂತ್ರಾಂಶದ ಕಂಪನಿಯವರಿಗೆ ಇವತ್ತೇ ಮೇಲ್ ಹಾಕಿ. ಮತಪತ್ರಗಳ ಕಚ್ಚಾ ಫೈಲ್ ಇದೆಯಾ ಕೇಳಿ, ಇದ್ದರೆ ಅಳಿಸಬೇಡಿ ಎಂದು ಹೇಳಿ. ಸಮಯದ ವಿಷಯವನ್ನೂ ಕೇಳಿ. ನಾನು ನೋಡಿದ ಒಂದು ಸಂಘದ ಚುನಾವಣೆಯಲ್ಲಿ ಸರ್ವರ್ ಗಡಿಯಾರ ಯುಟಿಸಿಯಲ್ಲಿತ್ತು, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಸಂಜೆ 5ಕ್ಕೆ ಮುಚ್ಚಬೇಕಿದ್ದದ್ದು ನಮ್ಮ ಗಡಿಯಾರದಲ್ಲಿ ರಾತ್ರಿ 10:30ರ ತನಕ ತೆರೆದಿತ್ತು. 5 ಗಂಟೆಗೆ ಕಂಡ ಸಂಖ್ಯೆಯನ್ನೇ ಫಲಿತಾಂಶ ಎಂದು ಘೋಷಿಸಿ ಎಲ್ಲರೂ ಊಟಕ್ಕೆ ಹೋಗಿದ್ದರು. ಬೆಳಗ್ಗೆ ನೋಡಿದರೆ ಸಂಖ್ಯೆ ಬೇರೆ.

ನಿವೃತ್ತ ಬ್ಯಾಂಕ್ ನೌಕರ · ಬೆಳಗ್ಗೆ 8:02

ಸಮ ಬಂದರೆ ಏನು ಮಾಡುತ್ತದೆ ಎಂಬುದನ್ನೂ ಕೇಳಿಸಿ. ನಮ್ಮ ಸಹಕಾರ ಸಂಘವೊಂದರಲ್ಲಿ ಕೊನೆಯ ಸ್ಥಾನಕ್ಕೆ ಇಬ್ಬರಿಗೂ 41 ಬಂತು. ಪರದೆ ಒಬ್ಬರನ್ನು ವಿಜೇತ ಎಂದು ತೋರಿಸಿತು. ಯಾಕೆ ಎಂದು ವಿಚಾರಿಸಿದರೆ ಅವರ ಹೆಸರು ಅಕ್ಷರಮಾಲೆಯಲ್ಲಿ ಮೊದಲು ಬರುತ್ತದಂತೆ. ಕೊನೆಗೆ ಚೀಟಿ ಎತ್ತಿಸಿದೆವು.

ಹೊಸಕೋಟೆ ಹೈದ · ಬೆಳಗ್ಗೆ 8:10

ಅಕ್ಷರಮಾಲೆ ನೋಡಿ ಗೆಲ್ಲಿಸುವುದಾ! ಒಂದೊಂದು ವೋಟಿಗೂ ಬೆಲೆ ಇದೆ. ಸಂತೇಮರಹಳ್ಳಿ ಮರೆತಿದ್ದೀರಾ?

ಜಯನಗರ 4ನೇ ಬ್ಲಾಕ್ · ಬೆಳಗ್ಗೆ 8:47

ಸಂತೇಮರಹಳ್ಳಿ, 2004ರ ವಿಧಾನಸಭೆ ಚುನಾವಣೆ. ಧ್ರುವನಾರಾಯಣ ಅವರಿಗೆ 40,752, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ.

ನಮ್ಮ ಜಯನಗರದ ಕಥೆ ನನಗೆ ಇನ್ನೂ ಹಸಿಯಾಗಿದೆ. 2023ರ ಮೇ 13, ವಿಧಾನಸಭೆ ಚುನಾವಣೆಯ ಎಣಿಕೆ. ಸಂಜೆಯಿಂದ ಟಿವಿಯಲ್ಲಿ ಬೇರೆ ಎಲ್ಲ ಕ್ಷೇತ್ರ ಮುಗಿದಿತ್ತು, ನಮ್ಮದು ಮುಗಿಯಲಿಲ್ಲ. ಅಂಚೆ ಮತಗಳನ್ನು ಮತ್ತೆ ಮತ್ತೆ ನೋಡಿದರು. ಎಣಿಕೆ ಕೇಂದ್ರದ ಹೊರಗೆ ಎರಡೂ ಪಕ್ಷದವರ ಕೂಗಾಟ. ನಡುರಾತ್ರಿ ಹೊತ್ತಿಗೆ 16 ಮತಗಳಿಂದ ಸಿ.ಕೆ. ರಾಮಮೂರ್ತಿ ಗೆದ್ದರು ಎಂದು ಬಂತು. ಅದನ್ನು ಒಪ್ಪದವರು ಇವತ್ತಿಗೂ ಇದ್ದಾರೆ. ಆದರೆ ನೋಡಿ, ಅಲ್ಲಿ ಕೈಯಲ್ಲಿ ಹಿಡಿದು ವಾದ ಮಾಡಲು ಕಾಗದ ಇತ್ತು. ಈ ಅಂಚೆ ಮತ ಯಾಕೆ ತಿರಸ್ಕಾರ ಆಯಿತು, ಸಹಿ ಎಲ್ಲಿ ಎಂದು ಕೇಳಬಹುದಿತ್ತು. ಮಾಲೂರಿನಲ್ಲಿ ಅದೇ ವರ್ಷ ಅಂತರ 248. ಅಲ್ಲಿ 2025ರಲ್ಲಿ ಹೈಕೋರ್ಟ್ ಮರು ಎಣಿಕೆಗೆ ಆದೇಶ ಮಾಡಿತು, ವಿಷಯ ಸುಪ್ರೀಂ ಕೋರ್ಟ್‌ಗೂ ಹೋಯಿತು. ಎರಡು ವರ್ಷ ಕಳೆದರೂ ಎಣಿಸಲು ಮತ ಇತ್ತಲ್ಲ!

ಟಾಲಿನ್‌ನಿಂದ · ಬೆಳಗ್ಗೆ 11:26

ನಾನು ಎಸ್ಟೋನಿಯಾದಲ್ಲಿ ಕೆಲಸಕ್ಕಿರುವವಳು, ಊರು ದಾವಣಗೆರೆ. ನನಗೆ ಇಲ್ಲಿ ಸಂಸತ್ ಚುನಾವಣೆಯಲ್ಲಿ ವೋಟಿಲ್ಲ. ಸಹೋದ್ಯೋಗಿಗಳು ಹಾಕುವುದನ್ನು ನೋಡಿದ್ದೇನೆ, ಕಾಫಿ ಕುಡಿಯುತ್ತಾ ಲ್ಯಾಪ್‌ಟಾಪ್‌ನಲ್ಲಿ ಹಾಕುತ್ತಾರೆ. ಇಲ್ಲಿ 2005ರಿಂದ ಇಂಟರ್‌ನೆಟ್ ಮತದಾನ ಇದೆ. 2023ರ ಮಾರ್ಚ್‌ನ ಸಂಸತ್ ಚುನಾವಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಮತ ಆನ್‌ಲೈನ್‌ನಲ್ಲೇ ಬಂತು.

ಮೇಷ್ಟ್ರು ಹೇಳಿದ ಟೋಟಲ್, ರಿಸಲ್ಟ್ ವಿಷಯ ಇಲ್ಲೂ ಹಾಗೆಯೇ. ಎಷ್ಟು ಜನ ಆನ್‌ಲೈನ್‌ನಲ್ಲಿ ಹಾಕಿದರು ಎಂಬ ಸಂಖ್ಯೆ ಮಾತ್ರ ಪ್ರಕಟ ಮಾಡುತ್ತಾರೆ. ಸೋಮವಾರದಿಂದ ಶನಿವಾರ ಸಂಜೆ ತನಕ ಆನ್‌ಲೈನ್. ಭಾನುವಾರ ಮತಗಟ್ಟೆ ಮಾತ್ರ. ರಾತ್ರಿ 8ಕ್ಕೆ ಮತಗಟ್ಟೆ ಮುಚ್ಚುವ ತನಕ ಒಂದು ಆನ್‌ಲೈನ್ ಮತವನ್ನೂ ತೆರೆಯುವುದಿಲ್ಲ. ತೆರೆಯುವ ಕೀಲಿಯನ್ನು ಹಲವರ ನಡುವೆ ಹಂಚಿರುತ್ತಾರೆ, ಒಬ್ಬರಿಂದ ಆಗುವುದಿಲ್ಲ. ಮತದ ಮೇಲಿರುವ ಹೆಸರನ್ನು ತೆಗೆದು, ಕಲಸಿ, ಆಮೇಲೆ ಬಿಚ್ಚುತ್ತಾರೆ. ನಮ್ಮ ಅಂಚೆ ಮತದ ಎರಡು ಲಕೋಟೆ ಇದೆಯಲ್ಲ, ಮತ ಒಳಗಿನದರಲ್ಲಿ, ಹೆಸರು ಹೊರಗಿನದರಲ್ಲಿ, ಅದೇ ಉಪಾಯ.

ಇನ್ನೊಂದು ನನಗೆ ಬಹಳ ಇಷ್ಟವಾದದ್ದು. ಎಷ್ಟು ಸಲ ಬೇಕಾದರೂ ಮತ್ತೆ ಹಾಕಬಹುದು, ಕೊನೆಯದೇ ಲೆಕ್ಕ. ಭಾನುವಾರ ಮತಗಟ್ಟೆಗೆ ಹೋಗಿ ಕಾಗದದಲ್ಲಿ ಹಾಕಿದರೆ ಆನ್‌ಲೈನ್ ಮತ ರದ್ದು. ಮನೆಯಲ್ಲಿ ಯಾರಾದರೂ ಪಕ್ಕದಲ್ಲಿ ನಿಂತು ಬಲವಂತ ಮಾಡಿದರೂ ಆಮೇಲೆ ಬದಲಾಯಿಸಬಹುದು. ನಿಮ್ಮಲ್ಲಿ ಲೈವ್ ಎಣಿಕೆ ಇಟ್ಟು ಇದನ್ನು ಮಾಡಲು ಹೋದರೆ ದಿನವಿಡೀ ಒತ್ತಡ ಹಾಕುತ್ತಾ ಕೂರುತ್ತಾರೆ.

ಬಿ ಬ್ಲಾಕ್ ಖಜಾಂಚಿ · ಮಧ್ಯಾಹ್ನ 12:40

ಮೇಡಂ, ಅಲ್ಲಿಯ ಜನ ಇದನ್ನೆಲ್ಲ ನಂಬುತ್ತಾರಾ?

ಟಾಲಿನ್‌ನಿಂದ · ಮಧ್ಯಾಹ್ನ 1:15

ಎಲ್ಲರೂ ನಂಬುವುದಿಲ್ಲ. 2023ರ ಆ ರಾತ್ರಿ ಮೊದಲು ಕಾಗದದ ಮತಗಳ ಸಂಖ್ಯೆ ಬಂತು. ಅದರಲ್ಲಿ ಎಕ್ರೆ ಎಂಬ ಪಕ್ಷ ಮುಂದಿತ್ತು. ಆನ್‌ಲೈನ್ ಮತ ಸೇರಿದ ಮೇಲೆ ಪೂರ್ತಿ ತಿರುಗಿತು. ಕಾಯಾ ಕಲ್ಲಾಸ್ ಅವರ ರಿಫಾರ್ಮ್ ಪಕ್ಷಕ್ಕೆ 101ರಲ್ಲಿ 37 ಸ್ಥಾನ, ಎಕ್ರೆಗೆ 17. ಅವರು ಕೋರ್ಟಿಗೆ ಹೋದರು, ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆದರೆ “ರಾತ್ರಿ ಮುಂದಿದ್ದೆವು, ಕಂಪ್ಯೂಟರ್ ಬಂದು ಸೋಲಿಸಿತು” ಎಂಬ ಮಾತು ಉಳಿಯಿತು. ಯಾವುದನ್ನು ಮೊದಲು ತೋರಿಸುತ್ತೀರಿ ಎಂಬುದರಿಂದಲೂ ಅನುಮಾನ ಹುಟ್ಟುತ್ತದೆ. ಎರಡೂ ಒಟ್ಟಿಗೆ ತೋರಿಸಿದ್ದರೆ ಇಷ್ಟಾಗುತ್ತಿರಲಿಲ್ಲವೇನೋ ಎಂದು ನನಗೆ ಅನಿಸುತ್ತದೆ.

ಸರ್ಕಾರಿ ಶಾಲೆ ಮೇಷ್ಟ್ರು · ಸಂಜೆ 4:50

ನಮ್ಮಲ್ಲೂ ಬೆಳಗ್ಗೆ 8ಕ್ಕೆ ಅಂಚೆ ಮತ, ಅರ್ಧ ಗಂಟೆ ಬಿಟ್ಟು ಇವಿಎಂ. ಆ ಅರ್ಧ ಗಂಟೆಯ ಮುನ್ನಡೆಗೆ ಟಿವಿಯವರು ಪಟಾಕಿ ತೋರಿಸುತ್ತಾರೆ. ಪದವೀಧರ ಕ್ಷೇತ್ರದ ಎಣಿಕೆಗೆ ಬನ್ನಿ ಒಮ್ಮೆ. ಪ್ರಾಶಸ್ತ್ಯದ ಮತ, ಕೋಟಾ (ಗೆಲ್ಲಲು ಬೇಕಾದಷ್ಟು ಮತ) ಮುಟ್ಟುವ ತನಕ ಒಬ್ಬೊಬ್ಬರನ್ನೇ ಕೈಬಿಡುತ್ತಾ ಹೋಗಬೇಕು. ಬೆಳಗ್ಗೆ ಕೂತವರು ಮರುದಿನ ಬೆಳಗ್ಗೆ ಎದ್ದದ್ದಿದೆ. ಅಂಥ ಕಡೆ ಕಂಪ್ಯೂಟರ್ ಎಣಿಕೆ ನಿಜವಾಗಿಯೂ ಬೇಕು.

ವಿಷಯ ಸ್ವಲ್ಪ ಬೇರೆಯಾದರೂ ಹೇಳುತ್ತೇನೆ. ನಮ್ಮ ಶಾಲಾ ಸಂಸತ್ತಿಗೆ ಪ್ರತಿ ವರ್ಷ ಮೊಬೈಲ್‌ನ ಇವಿಎಂ ಆ್ಯಪ್‌ನಲ್ಲಿ ಚುನಾವಣೆ ಮಾಡುತ್ತೇವೆ. ಮಕ್ಕಳಿಗೆ ಬೀಪ್ ಶಬ್ದ ಎಂದರೆ ಖುಷಿ. ಹೋದ ವರ್ಷ ಏಳನೇ ತರಗತಿಯ ಒಬ್ಬಳು ಹುಡುಗಿ ಎರಡು ವೋಟಿನಲ್ಲಿ ಸೋತಳು. “ಸಾರ್, ನನ್ನ ವೋಟು ಎಲ್ಲಿದೆ ತೋರಿಸಿ” ಎಂದಳು. ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಈ ವರ್ಷ ಆ್ಯಪ್ ಜೊತೆಗೆ ಚೀಟಿಯನ್ನೂ ಡಬ್ಬಿಗೆ ಹಾಕಿಸಿದೆ. ಎರಡನ್ನೂ ಮಕ್ಕಳೇ ಎಣಿಸಿದರು.

ಕುಡ್ಲದ ಮಾರಾಯ · ಸಂಜೆ 5:03

ಮೇಷ್ಟ್ರೇ, ಆ ಹುಡುಗಿ ಕೇಳಿದ ಪ್ರಶ್ನೆಯೇ ಸರಿಯಾದ ಪ್ರಶ್ನೆ.

ಹೊಸಕೋಟೆ ಹೈದ · ಸಂಜೆ 5:30

ಹಾಗಾದರೆ ಪ್ರತಿಯೊಬ್ಬರಿಗೂ ಒಂದು ಗುಟ್ಟಿನ ನಂಬರ್ ಕೊಡಿ. ಮುಗಿದ ಮೇಲೆ ಎಲ್ಲ ನಂಬರ್, ಅದರ ಮುಂದೆ ಯಾರಿಗೆ ವೋಟು ಎಂದು ನೋಟಿಸ್ ಬೋರ್ಡ್‌ಗೆ ಹಾಕಿ. ನನ್ನದು ಸರಿ ಇದೆಯಾ ನಾನು ನೋಡಿಕೊಳ್ಳುತ್ತೇನೆ. ಒಟ್ಟು ಯಾರು ಬೇಕಾದರೂ ಕೂಡಲಿ. ಮುಗಿಯಿತಲ್ಲ?

ಕಂಪನಿ ಸೆಕ್ರೆಟರಿ · ಸಂಜೆ 6:12

ಮುಗಿಯುವುದಿಲ್ಲ. ಆ ನಂಬರ್ ತೋರಿಸು ಎಂದು ಯಾರಾದರೂ ಕೇಳಿದರೆ? ಬಿಲ್ಡರ್ ಹತ್ತಿರ ಕೆಲಸ ಆಗಬೇಕಾದವರು, ಸಾಲ ಇರುವವರು, ಗಂಡನಿಗೆ ಹೆದರುವವರು ಇರುತ್ತಾರೆ. ನಿಮ್ಮ ವೋಟನ್ನು ನೀವು ನೋಡಲು ಆಗಬೇಕು, ಇನ್ನೊಬ್ಬರಿಗೆ ಸಾಬೀತು ಮಾಡಲು ಆಗಬಾರದು. ಇವಿಎಂ ಜೊತೆಗಿರುವ ವಿವಿಪ್ಯಾಟ್ ಯಂತ್ರದ ಚೀಟಿ 7 ಸೆಕೆಂಡ್ ಗಾಜಿನ ಹಿಂದೆ ಕಂಡು ಡಬ್ಬಿಗೆ ಬೀಳುತ್ತದೆ, ಕೈಗೆ ಕೊಡುವುದಿಲ್ಲ. ಅದಕ್ಕೆ ಇದೇ ಕಾರಣ.

ತೀರ್ಥಹಳ್ಳಿ ಟೆಕ್ಕಿ · ಸಂಜೆ 6:55

ಸೆಕ್ರೆಟರಿ ಮೇಡಂ ಹೇಳಿದ್ದು ಸರಿ. ಇದಕ್ಕೆ ಒಂದು ದಾರಿ ಇದೆ. ಹೀಲಿಯೋಸ್ ಎಂಬ ಮುಕ್ತ ತಂತ್ರಾಂಶ. ಅದರಲ್ಲಿ ನಿಮ್ಮ ವೋಟು ಬೀಗ ಹಾಕಿದ ಸ್ಥಿತಿಯಲ್ಲೇ ಪಟ್ಟಿಯಲ್ಲಿ ಕಾಣುತ್ತದೆ. ನನ್ನ ಪೆಟ್ಟಿಗೆ ಪಟ್ಟಿಯಲ್ಲಿದೆ, ಬದಲಾಗಿಲ್ಲ ಎಂದು ನೀವು ನೋಡಬಹುದು. ಒಳಗೆ ಏನಿದೆ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆಯದೆ ಒಟ್ಟು ಮೊತ್ತ ಮಾತ್ರ ತೆರೆಯುವ ಗಣಿತ ಅದರಲ್ಲಿದೆ. ಆ ಮೊತ್ತ ಸರಿ ಎಂಬ ಪುರಾವೆಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಬಲವಂತದ ಸಮಸ್ಯೆ ಅದರಲ್ಲೂ ಪೂರ್ತಿ ಹೋಗುವುದಿಲ್ಲ. ಅದನ್ನು ಬರೆದವರೇ ಹಾಗೆ ಹೇಳಿದ್ದಾರೆ.

ಆದರೆ ಕೀಲಿ ಜೋಪಾನ. 2025ರಲ್ಲಿ ಐಎಸಿಆರ್ ಎಂಬ ಗುಪ್ತಲಿಪಿ ಸಂಶೋಧಕರ ಅಂತರರಾಷ್ಟ್ರೀಯ ಸಂಘ ಹೀಲಿಯೋಸ್‌ನಲ್ಲೇ ಚುನಾವಣೆ ಮಾಡಿತು. ಮೂವರ ಹತ್ತಿರ ಕೀಲಿ, ಮೂರೂ ಬೇಕು. ಒಬ್ಬರು ತಮ್ಮದನ್ನು ಕಳೆದುಕೊಂಡರು. ಬಿದ್ದ ಮತ ಎಲ್ಲ ಇದೆ, ತೆರೆಯಲು ಆಗಲಿಲ್ಲ. ಚುನಾವಣೆ ಮತ್ತೆ ಮಾಡಿದರು, ಈ ಸಲ ಮೂವರಲ್ಲಿ ಇಬ್ಬರ ಕೀಲಿ ಸಾಕು ಎಂದು ಬದಲಾಯಿಸಿದರು. ಜಗತ್ತಿನಲ್ಲಿ ಬೀಗದ ಗಣಿತ ಚೆನ್ನಾಗಿ ತಿಳಿದವರಿಗೇ ಹೀಗಾಯಿತು.

ನಿವೃತ್ತ ಬ್ಯಾಂಕ್ ನೌಕರ · ಸಂಜೆ 7:20

ಬ್ಯಾಂಕಿನ ಸ್ಟ್ರಾಂಗ್ ರೂಮಿಗೂ ಎರಡು ಕೀಲಿ, ಇಬ್ಬರ ಕೈಯಲ್ಲಿ. ಜೊತೆಗೆ ನಕಲು ಕೀಲಿ ಇನ್ನೊಂದು ಶಾಖೆಯಲ್ಲಿ ಇಡುತ್ತಿದ್ದೆವು.

ಜಯನಗರ 4ನೇ ಬ್ಲಾಕ್ · ರಾತ್ರಿ 8:05

ಓಟಿಪಿ ಬಾರದೆ ವೋಟು ಹಾಕಲಾಗದವರು ಎಷ್ಟು ಜನ? ಅದೂ ಮುಖ್ಯ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2021ರ ಡಿಸೆಂಬರ್‌ನಲ್ಲಿ ಸ್ಥಳೀಯ ಚುನಾವಣೆಗೆ ಐವೋಟ್ ಎಂಬ ಆನ್‌ಲೈನ್ ವ್ಯವಸ್ಥೆ ಇತ್ತು. ಅದು ಕೈಕೊಟ್ಟು ಕೆಲವರಿಗೆ ಹಾಕಲು ಆಗಲಿಲ್ಲ. ಆಗದೇ ಹೋದವರ ಮತ ಫಲಿತಾಂಶ ಬದಲಾಯಿಸಬಹುದಿತ್ತು ಎಂದು ಮೂರು ಕಡೆ ಕೋರ್ಟ್ ಚುನಾವಣೆಯನ್ನೇ ರದ್ದು ಮಾಡಿತು. ನಿಮ್ಮಲ್ಲಿ ಅಂತರ ಬರೀ 3.

ಮೂರನೇ ಮಹಡಿ · ಗುರುವಾರ, ರಾತ್ರಿ 9:30

ಎಲ್ಲರಿಗೂ ಧನ್ಯವಾದ. ಕಂಪನಿಯವರಿಂದ ಉತ್ತರ ಬಂತು. ಒಂದೊಂದು ಮತಪತ್ರವೂ ಸಾಲಾಗಿ ಇದೆಯಂತೆ. ಆದರೆ ಪ್ರತಿ ಸಾಲಿನಲ್ಲೂ ಫ್ಲ್ಯಾಟ್ ನಂಬರ್, ಸಮಯ ಎರಡೂ ಇವೆಯಂತೆ! ಅಂದರೆ ಆ ಫೈಲ್ ಯಾರ ಕೈಗೆ ಸಿಕ್ಕರೂ 163 ಜನರ ಗುಟ್ಟು ಬಯಲು. ಕಮಿಟಿಯ ಒಬ್ಬರು “ಫೈಲ್ ಗ್ರೂಪಿಗೆ ಹಾಕಿಬಿಡೋಣ, ಎಲ್ಲ ಪಾರದರ್ಶಕ” ಎನ್ನುತ್ತಿದ್ದಾರೆ. ಓಟಿಪಿ ಬರಲಿಲ್ಲ ಎಂದು ಯಾರೂ ದೂರು ಕೊಟ್ಟಿಲ್ಲ.

ಕಂಪನಿ ಸೆಕ್ರೆಟರಿ · ರಾತ್ರಿ 9:34

ಗ್ರೂಪಿಗೆ ಹಾಕಲು ಬಿಡಬೇಡಿ! ದಯವಿಟ್ಟು!

ತೀರ್ಥಹಳ್ಳಿ ಟೆಕ್ಕಿ · ರಾತ್ರಿ 9:58

ಎರಡು ಫೈಲ್ ಮಾಡಿಸಿ. ಒಂದರಲ್ಲಿ ವೋಟು ಹಾಕಿದ ಫ್ಲ್ಯಾಟ್‌ಗಳು ಮಾತ್ರ. ಇನ್ನೊಂದರಲ್ಲಿ ಮತಪತ್ರಗಳು ಮಾತ್ರ, ನಂಬರ್ ಇಲ್ಲ, ಸಮಯ ಇಲ್ಲ, ಸಾಲುಗಳನ್ನು ಕಲಸಿರಬೇಕು. ಕಲಸದಿದ್ದರೆ ಎರಡನ್ನೂ ಪಕ್ಕಪಕ್ಕ ಇಟ್ಟು ಕಂಡುಹಿಡಿಯಬಹುದು. ಈ ಕೆಲಸವನ್ನು ಕಮಿಟಿಯವರು ಮಾಡಬಾರದು. ನಿಮ್ಮ ಲೆಕ್ಕ ಪರಿಶೋಧಕರು ಮಾಡಲಿ, ಗೆದ್ದವರು ಸೋತವರು ಎದುರಿಗಿರಲಿ, ಪರದೆ ಮಾತ್ರ ಪರಿಶೋಧಕರ ಕಡೆಗಿರಲಿ. ಬ್ಲಾಕ್‌ವಾರು ಫಲಿತಾಂಶ ತೆಗೆಯಬೇಡಿ. ಆರು ಮನೆಯ ಬ್ಲಾಕ್‌ನಲ್ಲಿ ಆರೂ ಒಬ್ಬರಿಗೇ ಬಿದ್ದಿದ್ದರೆ ಅಲ್ಲಿಗೆ ಗುಟ್ಟು ಹೋಯಿತು.

ಬಿ ಬ್ಲಾಕ್ ಖಜಾಂಚಿ · ರಾತ್ರಿ 10:26

ಈ ವರ್ಷದಿಂದ ನಮ್ಮಲ್ಲಿ ಲೈವ್ ಎಣಿಕೆ ನಿಲ್ಲಿಸಲು ನಾನೇ ಹೇಳುತ್ತೇನೆ. ಗಲಾಟೆ ನಿಂತಿತು ಎಂದು ಬರೆದಿದ್ದೆ. ನಮ್ಮಲ್ಲೂ ಯಾರಾದರೂ ಹೀಗೆ ಲಿಫ್ಟ್‌ನಲ್ಲಿ ಕೇಳಿಸಿಕೊಂಡು ಸುಮ್ಮನಿದ್ದಾರಾ ಎಂದು ನಾನು ವಿಚಾರಿಸಿಯೇ ಇಲ್ಲ. ಒಟ್ಟು ಎಷ್ಟು ಮನೆ ಹಾಕಿತು ಎಂಬ ಸಂಖ್ಯೆ ಮಾತ್ರ ತೋರಿಸುತ್ತೇವೆ. ಸಂಜೆ ಮುಚ್ಚಿದ ಮೇಲೆ ಮತಪತ್ರಗಳ ಪಟ್ಟಿ ಕೊಡುತ್ತೇವೆ. ಅನುಮಾನ ಇದ್ದವರು ಕೂತು ಎಣಿಸಲಿ.

ಮೂರನೇ ಮಹಡಿ · ಭಾನುವಾರ, ರಾತ್ರಿ 8:45

ಸಭೆ ಮುಗಿಯಿತು. ಮೇಷ್ಟ್ರು ಹೇಳಿದಂತೆ ಮೊದಲು ಒಟ್ಟು ನೋಡಿಸಿದೆ. ಮತಪತ್ರ 163, ಫ್ಲ್ಯಾಟ್ 162. ಒಂದು ಹೆಚ್ಚಿಗೆ! ಇಡೀ ಕ್ಲಬ್‌ಹೌಸ್ ನಿಶ್ಶಬ್ದ. ಒಂದು ಮನೆಯ ಗಂಡ ಹೆಂಡತಿ ಇಬ್ಬರ ಫೋನೂ ನೋಂದಣಿಯಾಗಿತ್ತು. ಇಬ್ಬರಿಗೂ ಓಟಿಪಿ ಬಂದಿದೆ, ಇಬ್ಬರೂ ಹಾಕಿದ್ದಾರೆ. ಅವರ ತಪ್ಪಿಲ್ಲ, ಅವರಿಗೆ ಗೊತ್ತೂ ಇರಲಿಲ್ಲ. ಪುಟವನ್ನು ನೂರು ಸಲ ತೆರೆದಿದ್ದರೂ ಇದು ಕಾಣುತ್ತಿರಲಿಲ್ಲ.

ಒಂದು ಮತಪತ್ರ ತೆಗೆದ ಮೇಲೆ ಲೆಕ್ಕ ಪರಿಶೋಧಕರು ಕಲಸಿದ ಪಟ್ಟಿ ಕೊಟ್ಟರು. ಸೋತವರ ಮಗಳು ಮತ್ತು ಗೆದ್ದವರು ಒಟ್ಟಿಗೆ ಕೂತು ಎಣಿಸಿದರು. 87, 85. ಫಲಿತಾಂಶ ಬದಲಾಗಲಿಲ್ಲ. ಸೋತವರು ಎದ್ದು ಕೈಕುಲುಕಿದರು. ಮುಂದಿನ ಸಲ ಮುಚ್ಚುವ ತನಕ ಎಣಿಕೆ ತೋರಿಸುವುದಿಲ್ಲ, ಫ್ಲ್ಯಾಟ್ ಪಟ್ಟಿಯನ್ನು ಮುಗಿದ ಮೇಲೆ ಮಾತ್ರ ಕೊಡುವುದು, ಮತಪತ್ರದ ಜೊತೆ ನಂಬರ್ ಇಡುವ ತಂತ್ರಾಂಶ ಬೇಡ ಎಂದು ಠರಾವು ಆಯಿತು.

ಅಮ್ಮನೂ ಬಂದಿದ್ದರು. ಲಿಫ್ಟ್‌ನಲ್ಲಿ ಕೇಳಿದವರು ಹತ್ತಿರ ಬಂದು ಕ್ಷಮೆ ಕೇಳಿದರು. ಅಮ್ಮ “ಕಾಫಿಗೆ ಬನ್ನಿ” ಎಂದರು. ಆದರೆ ಮುಂದಿನ ಸಲ ಆನ್‌ಲೈನ್‌ನಲ್ಲಿ ಹಾಕುತ್ತೀರಾ ಎಂದು ನಾನು ಕೇಳಿದ್ದಕ್ಕೆ ಉತ್ತರ ಕೊಟ್ಟಿಲ್ಲ.

ಟಾಲಿನ್‌ನಿಂದ · ರಾತ್ರಿ 9:20

ಓದಿ ಬಹಳ ಸಮಾಧಾನ ಆಯಿತು. ಒಂದು ಪ್ರಶ್ನೆ. ಆ ಎರಡು ಮತಪತ್ರಗಳಲ್ಲಿ ಯಾವುದನ್ನು ಉಳಿಸಿಕೊಂಡಿರಿ, ಮೊದಲು ಬಿದ್ದದ್ದಾ ಆಮೇಲೆ ಬಿದ್ದದ್ದಾ?

ಮೂರನೇ ಮಹಡಿ · ರಾತ್ರಿ 9:37

ಅದಕ್ಕೇ ಮುಕ್ಕಾಲು ಗಂಟೆ ಹೋಯಿತು ಮೇಡಂ. ಬೈಲಾದಲ್ಲಿ ಜಂಟಿ ಮಾಲೀಕರಲ್ಲಿ ಹೆಸರು ಮೊದಲು ಇರುವವರಿಗೆ ವೋಟು ಎಂದಿದೆ. ಮನೆಯ ಪತ್ರದಲ್ಲಿ ಹೆಂಡತಿಯ ಹೆಸರು ಮೊದಲು. ಅವರದ್ದು ಉಳಿಯಿತು, ಗಂಡನದ್ದು ತೆಗೆದೆವು. ಆದರೆ 88 ಇದ್ದದ್ದು 87 ಆಯಿತಲ್ಲ, ಅದರಿಂದ ಆ ಗಂಡ ಏಳನೆಯವರಿಗೆ ಹಾಕಿದ್ದರು ಎಂಬುದು ಕ್ಲಬ್‌ಹೌಸ್‌ನಲ್ಲಿ ಕೂತ ಎಲ್ಲರಿಗೂ ತಿಳಿಯಿತು. ಅದನ್ನು ತಪ್ಪಿಸಲು ಆಗುತ್ತಿತ್ತಾ?

ತೀರ್ಥಹಳ್ಳಿ ಟೆಕ್ಕಿ · ರಾತ್ರಿ 9:51

ಆಗುತ್ತಿತ್ತು. 88, 85 ಎಂಬ ಹಳೆಯ ಸಂಖ್ಯೆ ಮೊದಲೇ ಹೊರಗೆ ಬಂದಿರದಿದ್ದರೆ.